ಬೆಳಕಿಗೆ ಬೆಳಕು ಅಡ್ಡ ಬರುವುದೇ? ಫೋಟಾನುಗಳ ಪರಸ್ಪರ ಕ್ರಿಯೆ ಮತ್ತು ಅದರ ಪರಿಭಾಷೆ

ಕತ್ತಲೆಯ ಕೋಣೆಯಲ್ಲಿ ಎರಡು ಟಾರ್ಚುಗಳ ಕಿರಣಪುಂಜಗಳನ್ನು ಒಂದಕ್ಕೊಂದು ಅಡ್ಡವಾಗಿ ಹಾಯಿಸಿದರೆ ಅವು ಕೂಡುವ ಎಡೆಯಲ್ಲಿ ಏನೂ ಘಟಿಸಿದಂತೆ ತೋರುವುದಿಲ್ಲ. ನೀರಿನ ಎರಡು ಧಾರೆಗಳು ಎದುರಾದರೆ ಸಿಡಿದು ಚದುರುತ್ತವೆ. ಬೆಳಕಿನ ಎರಡು ಧಾರೆಗಳಾದರೋ ಒಂದರೊಳಗಿಂದ ಇನ್ನೊಂದು ತೂರಿ, ತಮ್ಮ ದಿಕ್ಕು, ಬಣ್ಣ, ಪ್ರಖರತೆಗಳನ್ನು ಉಳಿಸಿಕೊಂಡು ಮುಂದುವರಿಯುತ್ತವೆ. ನೋಟವೆಂಬುದು ಸಾಧ್ಯವಾಗಿರುವುದೇ ಇದರಿಂದ. ಎದುರಿನ ಮರದಿಂದ ಕಣ್ಣಿಗೆ ಬರುವ ಬೆಳಕು, ಅದೇ ಅವಕಾಶದಲ್ಲಿ ನಾನಾ ದಿಕ್ಕುಗಳಿಗೆ ಸಾಗುತ್ತಿರುವ ಅಸಂಖ್ಯ ಕಿರಣಗಳನ್ನು ಹಾದು ಬರುತ್ತದೆ. ಅವು ಪರಸ್ಪರ ತಾಗಿ ಚದುರುವಂತಿದ್ದರೆ ಲೋಕವು ಮಂಜು ಮುಸುಕಿದಂತೆ ಕಾಣುತ್ತಿತ್ತು.

ಈ ನಿತ್ಯಾನುಭವದಿಂದ ಬೆಳಕಿನ ಕಣಗಳು ಒಂದನ್ನೊಂದು ಅರಿಯವೆಂದು ತೀರ್ಮಾನಿಸಬಹುದೇ? ಹತ್ತೊಂಬತ್ತನೆಯ ಶತಮಾನದ ಭೌತವಿಜ್ಞಾನವು ಹೌದೆಂದಿತು. 1930ರ ದಶಕದ ಸಿದ್ಧಾಂತವು, ಅರಿಯುತ್ತವೆ, ಆದರೆ ಅತ್ಯಂತ ವಿರಳವಾಗಿ ಎಂದಿತು. ಆ ಮಾತಿಗೆ ಪ್ರಯೋಗಶಾಲೆಯ ನೇರ ಸಾಕ್ಷ್ಯ ದೊರೆಯಲು ಎಂಟು ದಶಕಗಳು ಬೇಕಾದವು. ವಿಷಯಕ್ಕೆ ಇನ್ನೊಂದು ಮುಖವೂ ಇದೆ. ಇದನ್ನು ಕನ್ನಡದಲ್ಲಿ ಹೇಳಹೊರಟಾಗ ‘ವ್ಯತಿಕರಣ’, ‘ಪರಸ್ಪರ ಕ್ರಿಯೆ’, ‘ನಿರ್ವಾತ’ ಎಂಬ ಮೂರು ಪದಗಳು ಎದುರಾಗುತ್ತವೆ. ಎರಡು ಭಾಷೆಗಳ ಪಠ್ಯಪುಸ್ತಕಗಳ ನಡುವೆ ಓಡಾಡುವ ಗಡಿನಾಡಿನ ವಿದ್ಯಾರ್ಥಿಗೆ ಈ ಪದಗಳ ಅರ್ಥವ್ಯಾಪ್ತಿ ಸ್ಪಷ್ಟವಾಗದಿದ್ದರೆ ವಿಜ್ಞಾನವೇ ತಪ್ಪಾಗಿ ತಲುಪುತ್ತದೆ.

ರೇಖೀಯತೆ ಎಂಬ ಗುಣ

ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್ 1865ರಲ್ಲಿ ಪ್ರಕಟಿಸಿದ ಪ್ರಬಂಧವು ಬೆಳಕನ್ನು ವಿದ್ಯುತ್ ಹಾಗೂ ಕಾಂತಕ್ಷೇತ್ರಗಳ ಅಲೆಯೆಂದು ಪ್ರತಿಪಾದಿಸಿತು. ನಿರ್ವಾತದಲ್ಲಿ ಆ ಅಲೆಯ ನಡೆಯನ್ನು ನಿರ್ದೇಶಿಸುವ ಸಮೀಕರಣಗಳು ರೇಖೀಯವಾದವು. ಎಂದರೆ, ಒಂದು ಅಲೆ ಸಮೀಕರಣಕ್ಕೆ ಒಪ್ಪಿಗೆಯಾಗಿ, ಇನ್ನೊಂದು ಅಲೆಯೂ ಒಪ್ಪಿಗೆಯಾದರೆ, ಅವೆರಡರ ಮೊತ್ತವೂ ಒಪ್ಪಿಗೆಯಾಗುತ್ತದೆ. ಇದನ್ನೇ ಅಧ್ಯಾರೋಪಣ ತತ್ತ್ವವೆಂದು ಕರೆಯುತ್ತಾರೆ. ಕೆರೆಯಲ್ಲಿ ಎರಡು ಕಲ್ಲು ಎಸೆದಾಗ ಏಳುವ ಕಿರುತೆರೆಗಳು ಒಂದನ್ನೊಂದು ದಾಟುವಂತೆ ಬೆಳಕಿನ ಅಲೆಗಳೂ ದಾಟುತ್ತವೆ. ಕೂಡಿದೆಡೆಯಲ್ಲಿ ಎತ್ತರಗಳು ಸೇರುತ್ತವೆ, ದಾಟಿದ ಮೇಲೆ ಎರಡೂ ಮೊದಲಿನಂತೆಯೇ ಇರುತ್ತವೆ. ಒಂದು ಅಲೆ ಇನ್ನೊಂದರ ದಾರಿಯನ್ನು ತಿರುಗಿಸಬೇಕಾದರೆ ಸಮೀಕರಣದಲ್ಲಿ ಅವೆರಡರ ಗುಣಲಬ್ಧವಿರುವ ಪದವೊಂದು ಬೇಕು. ಮ್ಯಾಕ್ಸ್‌ವೆಲ್ ಸಮೀಕರಣಗಳಲ್ಲಿ ಅಂಥ ಪದವಿಲ್ಲ.

1905ರಲ್ಲಿ ಐನ್‌ಸ್ಟೈನ್ ಬೆಳಕು ಶಕ್ತಿಯ ಪ್ರತ್ಯೇಕ ಪೊಟ್ಟಣಗಳಂತೆ ವರ್ತಿಸುತ್ತದೆಂದು ಸೂಚಿಸಿದರು. ಗಿಲ್ಬರ್ಟ್ ಲೂಯಿಸ್ 1926ರಲ್ಲಿ ಬಳಕೆಗೆ ತಂದ ‘ಫೋಟಾನ್’ ಎಂಬ ಹೆಸರು ಆ ಪೊಟ್ಟಣಕ್ಕೆ ನಿಂತಿತು. ಕಣಗಳೆಂದ ಮೇಲೆ ಅವು ಢಿಕ್ಕಿ ಹೊಡೆಯಬೇಕಲ್ಲವೇ ಎಂಬ ಪ್ರಶ್ನೆ ಸಹಜ. ಆದರೆ ವಿದ್ಯುತ್ಕಾಂತೀಯ ಲೋಕದಲ್ಲಿ ಢಿಕ್ಕಿ ಎಂಬುದು ಗೋಲಿಗಳ ಢಿಕ್ಕಿಯಲ್ಲ. ಎರಡು ಎಲೆಕ್ಟ್ರಾನುಗಳು ಪರಸ್ಪರ ವಿಕರ್ಷಿಸುವುದು ಅವುಗಳಿಗೆ ವಿದ್ಯುದಾವೇಶ ಇರುವುದರಿಂದ. ಆ ಬಲವನ್ನು ಒಂದರಿಂದ ಇನ್ನೊಂದಕ್ಕೆ ಒಯ್ಯುವುದು ಫೋಟಾನು. ಆವೇಶವಿರುವ ಕಣದೊಡನೆ ಮಾತ್ರ ಫೋಟಾನು ನೇರವಾಗಿ ವ್ಯವಹರಿಸುತ್ತದೆ. ತನಗೆ ತಾನೇ ಆವೇಶವಿಲ್ಲದ ಕಾರಣ ಇನ್ನೊಂದು ಫೋಟಾನಿನೊಡನೆ ಅದಕ್ಕೆ ನೇರ ಸಂಬಂಧವಿಲ್ಲ. ಪರಮಾಣು ಬೀಜದೊಳಗಿನ ಪ್ರಬಲ ಬಲವನ್ನು ಒಯ್ಯುವ ಗ್ಲುಆನುಗಳ ಸ್ಥಿತಿ ಬೇರೆ. ಅವು ಯಾವ ಆವೇಶಕ್ಕೆ ಸ್ಪಂದಿಸುತ್ತವೆಯೋ ಆ ಆವೇಶವನ್ನು ತಾವೂ ಹೊತ್ತಿರುವುದರಿಂದ ಪರಸ್ಪರ ನೇರವಾಗಿಯೇ ಎಳೆದಾಡುತ್ತವೆ. ಫೋಟಾನು ಹಾಗಲ್ಲ. ನಕ್ಷತ್ರದ ಬೆಳಕು ಸಾವಿರಾರು ವರ್ಷ ಪಯಣಿಸಿಯೂ ಕೆಡದೆ ಬರುವುದರ ಹಿಂದೆ ಈ ತಾಟಸ್ಥ್ಯವಿದೆ.

ವ್ಯತಿಕರಣವು ಢಿಕ್ಕಿಯಲ್ಲ

ಇಲ್ಲಿ ಒಂದು ಆಕ್ಷೇಪವು ಏಳುವುದುಂಟು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಥಾಮಸ್ ಯಂಗ್ ಬೆಳಕಿಗೆ ಬೆಳಕು ಸೇರಿ ಕತ್ತಲೆಯ ಪಟ್ಟೆಗಳು ಮೂಡುವುದನ್ನು ತೋರಿಸಿದರಷ್ಟೆ. ಒಂದು ಬೆಳಕು ಇನ್ನೊಂದನ್ನು ಅಳಿಸುವುದಾದರೆ ಅದು ಪರಸ್ಪರ ಕ್ರಿಯೆಯಲ್ಲದೆ ಮತ್ತೇನು?

ವ್ಯತಿಕರಣದಲ್ಲಿ ಯಾವ ಬೆಳಕೂ ಅಳಿಯುವುದಿಲ್ಲ. ಅದರ ಹಂಚಿಕೆ ಮಾತ್ರ ಬದಲಾಗುತ್ತದೆ. ಕತ್ತಲೆಯ ಪಟ್ಟೆಯಲ್ಲಿ ಕಡಮೆಯಾದ ಶಕ್ತಿ ಬೆಳಕಿನ ಪಟ್ಟೆಯಲ್ಲಿ ಹೆಚ್ಚಾಗಿರುತ್ತದೆ. ಪರದೆಯನ್ನು ತೆಗೆದರೆ ಎರಡೂ ಅಲೆಗಳು ತಮ್ಮ ಪಾಡಿಗೆ ತಾವು ಹೋಗುತ್ತವೆ. ಇದು ಅಧ್ಯಾರೋಪಣದ ಫಲವೇ ಹೊರತು ಅದರ ಉಲ್ಲಂಘನೆಯಲ್ಲ. ಇದಕ್ಕೆ ಖಚಿತವಾದ ಆಧಾರ ಅತಿಕ್ಷೀಣ ಬೆಳಕಿನ ಪ್ರಯೋಗಗಳಲ್ಲಿದೆ. 1909ರಲ್ಲಿ ಕೇಂಬ್ರಿಜ್‌ನ ಜೆಫ್ರಿ ಟೇಲರ್ ಬೆಳಕನ್ನು ಅತ್ಯಂತ ಮಂದಗೊಳಿಸಿ, ಒಂದು ಸೂಜಿಯ ನೆರಳಿನ ಅಂಚಿನ ಪಟ್ಟೆಗಳನ್ನು ಛಾಯಾಗ್ರಹಣ ಫಲಕದ ಮೇಲೆ ಸೆರೆಹಿಡಿದರು. ಅತ್ಯಂತ ದೀರ್ಘವಾದ ಪ್ರಯೋಗವು ಸುಮಾರು 2,000 ಗಂಟೆಗಳಷ್ಟು ನಡೆಯಿತು. ಪಟ್ಟೆಗಳು ಪ್ರಖರ ಬೆಳಕಿನಲ್ಲಿದ್ದಷ್ಟೇ ಸ್ಪಷ್ಟವಾಗಿ ಮೂಡಿದವು. 1986ರಲ್ಲಿ ಫ್ರಾನ್ಸಿನ ಗ್ರಾಂಜಿಯೆ, ರೊಜೆ ಮತ್ತು ಆಸ್ಪೆ ಒಂದೊಂದೇ ಫೋಟಾನನ್ನು ಕಳುಹಿಸಿಯೂ ವ್ಯತಿಕರಣ ಉಂಟಾಗುವುದನ್ನು ತೋರಿದರು. ಜೊತೆಗೆ ಇನ್ನೊಂದು ಫೋಟಾನು ಇಲ್ಲದಿದ್ದಾಗಲೂ ಸಂಭವಿಸುವ ವಿದ್ಯಮಾನವನ್ನು ಎರಡು ಫೋಟಾನುಗಳ ನಡುವಣ ಕ್ರಿಯೆಯೆನ್ನಲಾಗದು.

ಇದಕ್ಕಿಂತ ಸೂಕ್ಷ್ಮವಾದ ಪ್ರಕರಣವೂ ಉಂಟು. 1987ರಲ್ಲಿ ಹಾಂಗ್, ಊ ಮತ್ತು ಮ್ಯಾಂಡೆಲ್ ನಡೆಸಿದ ಪ್ರಯೋಗದಲ್ಲಿ, ತದ್ರೂಪವಾದ ಎರಡು ಫೋಟಾನುಗಳು ಅರೆಪಾರಕ ಕನ್ನಡಿಯೊಂದರ ಎರಡು ಬದಿಗಳಿಂದ ಒಮ್ಮೆಗೇ ಬಂದಾಗ ಯಾವಾಗಲೂ ಜೊತೆಯಾಗಿ ಒಂದೇ ದ್ವಾರದಿಂದ ಹೊರಟವು. ಅವು ಒಂದನ್ನೊಂದು ಸೆಳೆದಂತೆ ತೋರಿದರೂ ನಡುವೆ ಯಾವ ಬಲವೂ ಇಲ್ಲ. ಢಾಕಾ ವಿಶ್ವವಿದ್ಯಾಲಯದಲ್ಲಿದ್ದ ಸತ್ಯೇಂದ್ರನಾಥ ಬೋಸ್ 1924ರಲ್ಲಿ ಹಾಕಿಕೊಟ್ಟ ಎಣಿಕೆಯ ಕ್ರಮದಂತೆ, ಫೋಟಾನುಗಳನ್ನು ‘ಇದು’, ‘ಅದು’ ಎಂದು ಬೇರ್ಪಡಿಸಿ ಗುರುತಿಸಲಾಗದು. ಗುರುತಿಲ್ಲದ ಕಣಗಳ ಸಂಭಾವ್ಯತೆಯನ್ನು ಎಣಿಸಿದಾಗ ಅವು ಬೇರೆ ಬೇರೆ ದ್ವಾರಗಳಿಂದ ಹೊರಡುವ ಎರಡು ದಾರಿಗಳು ಒಂದನ್ನೊಂದು ರದ್ದುಗೊಳಿಸುತ್ತವೆ.

ನಿರ್ವಾತವು ಬರಿದಲ್ಲ

ನೇರ ಸಂಬಂಧವಿಲ್ಲದ ಇಬ್ಬರ ನಡುವೆ ಮೂರನೆಯವರ ಮೂಲಕ ಸಂಬಂಧ ಏರ್ಪಡಬಹುದು. ಬೆಳಕಿನ ವಿಷಯದಲ್ಲಿ ಆ ಮೂರನೆಯ ಪಾತ್ರವನ್ನು ವಹಿಸುವುದು ಎಲೆಕ್ಟ್ರಾನು ಮತ್ತು ಅದರ ಪ್ರತಿಕಣವಾದ ಪಾಸಿಟ್ರಾನು. 1928ರಲ್ಲಿ ಪಾಲ್ ಡಿರಾಕ್ ಮಂಡಿಸಿದ ಸಮೀಕರಣದಿಂದ ಪ್ರತಿಕಣದ ಕಲ್ಪನೆ ಹೊಮ್ಮಿತು. 1932ರಲ್ಲಿ ಕಾರ್ಲ್ ಆಂಡರ್ಸನ್ ವಿಶ್ವಕಿರಣಗಳ ಛಾಯಾಚಿತ್ರಗಳಲ್ಲಿ ಪಾಸಿಟ್ರಾನನ್ನು ಕಂಡುಹಿಡಿದರು. ಶಕ್ತಿ ಸಾಕಷ್ಟಿದ್ದರೆ ಬೆಳಕು ಎಲೆಕ್ಟ್ರಾನು–ಪಾಸಿಟ್ರಾನುಗಳ ಜೋಡಿಯಾಗಬಲ್ಲದು. ಶಕ್ತಿ ಸಾಲದಿದ್ದರೂ, ಕ್ವಾಂಟಂ ಸಿದ್ಧಾಂತದ ಅನಿಶ್ಚಿತತಾ ತತ್ತ್ವದಂತೆ, ಸುಮಾರು 10⁻²¹ ಸೆಕೆಂಡಿನಷ್ಟು ಅತ್ಯಲ್ಪ ಅವಧಿಯಲ್ಲಿ ಅಂಥ ಜೋಡಿಯು ಸುಳಿದು ಮರೆಯಾಗುವ ಸಾಧ್ಯತೆಯನ್ನು ಲೆಕ್ಕದಿಂದ ಹೊರಗಿಡಲಾಗದು. ಇವುಗಳನ್ನು ಮಿಥ್ಯಾಕಣಗಳೆನ್ನುತ್ತಾರೆ. ಯಾವ ಉಪಕರಣಕ್ಕೂ ಇವು ನೇರವಾಗಿ ಸಿಗುವುದಿಲ್ಲ, ಆದರೆ ಇವುಗಳ ಪರಿಣಾಮ ಸಿಗುತ್ತದೆ.

ಎರಡು ಫೋಟಾನುಗಳು ಹೀಗೆ ಸುಳಿಯುವ ಜೋಡಿಯೊಡನೆ ವ್ಯವಹರಿಸಿ, ಆ ಜೋಡಿ ಮತ್ತೆ ಎರಡು ಫೋಟಾನುಗಳಾಗಿ ಬಿಡುಗಡೆಗೊಂಡರೆ, ಹೊರಗಿನಿಂದ ನೋಡುವವರಿಗೆ ಫೋಟಾನಿಗೆ ಫೋಟಾನು ತಾಗಿ ಚದುರಿದಂತೆ ಕಾಣುತ್ತದೆ. 1933ರಲ್ಲಿ ಆಟೊ ಹಾಲ್ಪರ್ನ್ ಒಂದು ಚಿಕ್ಕ ಟಿಪ್ಪಣಿಯಲ್ಲಿ ಈ ಸಾಧ್ಯತೆಯನ್ನು ಸೂಚಿಸಿದರು. 1935ರಲ್ಲಿ ಲೈಪ್‌ಜಿಗ್‌ನಲ್ಲಿ ಹೈಸೆನ್‌ಬರ್ಗರ ವಿದ್ಯಾರ್ಥಿಗಳಾಗಿದ್ದ ಹಾನ್ಸ್ ಆಯ್ಲರ್ ಮತ್ತು ಬರ್ನ್‌ಹಾರ್ಡ್ ಕಾಕೆಲ್ ಕಡಮೆ ಶಕ್ತಿಯ ಬೆಳಕಿಗೆ ಅದರ ಪ್ರಮಾಣವನ್ನು ಲೆಕ್ಕ ಹಾಕಿದರು. ಈ ಆಯ್ಲರ್ ಹದಿನೆಂಟನೆಯ ಶತಮಾನದ ಪ್ರಸಿದ್ಧ ಗಣಿತಜ್ಞ ಲಿಯೊನಾರ್ಡ್ ಆಯ್ಲರ್ ಅಲ್ಲ. 1909ರಲ್ಲಿ ಹುಟ್ಟಿ 1941ರಲ್ಲಿ ಯುದ್ಧದ ಹಾರಾಟವೊಂದರಲ್ಲಿ ಮಡಿದ ತರುಣ. 1936ರಲ್ಲಿ ಹೈಸೆನ್‌ಬರ್ಗ್ ಮತ್ತು ಆಯ್ಲರ್ ಕೂಡಿ ಬರೆದ ಪ್ರಬಂಧವು ಮ್ಯಾಕ್ಸ್‌ವೆಲ್ ಸಮೀಕರಣಗಳಿಗೆ ಸೇರಬೇಕಾದ ಅರೇಖೀಯ ತಿದ್ದುಪಡಿಯನ್ನು ಸಿದ್ಧಪಡಿಸಿತು. ನಿರ್ವಾತವೂ ಗಾಜು ಅಥವಾ ಹರಳಿನ ಹಾಗೆ ಒಂದು ಮಾಧ್ಯಮದಂತೆ ವರ್ತಿಸುತ್ತದೆ, ಬೆಳಕಿನಿಂದಲೇ ಅದರ ಗುಣ ಕಿಂಚಿತ್ ಬದಲಾಗುತ್ತದೆ ಎಂಬುದು ಅದರ ಸಾರ.

ಹಾಗಿದ್ದಲ್ಲಿ ಟಾರ್ಚಿನ ಬೆಳಕು ಏಕೆ ಚದುರುವುದಿಲ್ಲ? ಇದಕ್ಕೆ ಎರಡು ಕಾರಣಗಳಿವೆ. ಒಂದು, ಒಳಬರುವ ಎರಡು ಮತ್ತು ಹೊರಹೋಗುವ ಎರಡು, ಹೀಗೆ ನಾಲ್ಕು ಫೋಟಾನುಗಳೂ ಜೋಡಿಯೊಡನೆ ವ್ಯವಹರಿಸಬೇಕು. ಪ್ರತಿ ವ್ಯವಹಾರಕ್ಕೂ ವಿದ್ಯುತ್ಕಾಂತೀಯ ಬಲದ ಸ್ವಾಭಾವಿಕ ದೌರ್ಬಲ್ಯವು ತೆರಿಗೆಯಂತೆ ಅಡ್ಡ ಬರುತ್ತದೆ. ಒಟ್ಟು ಸಂಭಾವ್ಯತೆಯಲ್ಲಿ 1/137 ಎಂಬ ಸಂಖ್ಯೆ ನಾಲ್ಕು ಬಾರಿ ಗುಣಿಸಿ ಬರುತ್ತದೆ. ಎರಡನೆಯದು ಇನ್ನೂ ಕಠಿಣವಾದದ್ದು. ಕಣ್ಣಿಗೆ ಕಾಣುವ ಬೆಳಕಿನ ಫೋಟಾನಿನ ಶಕ್ತಿ ಸುಮಾರು 2 ಎಲೆಕ್ಟ್ರಾನ್ ವೋಲ್ಟ್. ಎಲೆಕ್ಟ್ರಾನಿನ ನಿಶ್ಚಲ ಶಕ್ತಿ ಸುಮಾರು 5,11,000 ಎಲೆಕ್ಟ್ರಾನ್ ವೋಲ್ಟ್. ಈ ಅನುಪಾತದ ಆರನೆಯ ಘಾತದಷ್ಟು ಸಂಭಾವ್ಯತೆ ಕುಗ್ಗುತ್ತದೆ. ಅದರ ಫಲವಾಗಿ, ಒಂದು ಸ್ವತಂತ್ರ ಎಲೆಕ್ಟ್ರಾನು ಬೆಳಕಿಗೆ ಒಡ್ಡುವ ಪರಿಣಾಮಕಾರಿ ವಿಸ್ತೀರ್ಣ 6.65 × 10⁻²⁵ ಚದರ ಸೆಂಟಿಮೀಟರ್ ಆಗಿದ್ದರೆ, 2 ಎಲೆಕ್ಟ್ರಾನ್ ವೋಲ್ಟಿನ ಎರಡು ಫೋಟಾನುಗಳು ಎದುರುಬದುರಾದಾಗ ಅದು ಸುಮಾರು 5 × 10⁻⁶⁴ ಮಾತ್ರ. ಇವೆರಡರ ನಡುವೆ ಒಂದರ ಮುಂದೆ ಮೂವತ್ತೊಂಬತ್ತು ಸೊನ್ನೆಗಳಷ್ಟು ಅಂತರವಿದೆ. ಆದರೆ ಇದೇ ಆರನೆಯ ಘಾತವು ಪ್ರಯೋಗದ ದಾರಿಯನ್ನೂ ತೋರಿಸುತ್ತದೆ: ಫೋಟಾನುಗಳ ಶಕ್ತಿಯನ್ನು ಇಮ್ಮಡಿಗೊಳಿಸಿದರೆ ಸಂಭಾವ್ಯತೆ 64 ಪಟ್ಟು ಏರುತ್ತದೆ.

ಢಿಕ್ಕಿಯ ಹುಡುಕಾಟ

ಸಿದ್ಧಾಂತ ರೂಪುಗೊಳ್ಳುವ ಮೊದಲೇ, 1930ರಲ್ಲಿ, ಅಮೆರಿಕದ ಹ್ಯೂಸ್ ಮತ್ತು ಜಾನ್ಸಿ ಪ್ರಖರವಾದ ಕಿರಣಪುಂಜಗಳನ್ನು ಒಂದಕ್ಕೊಂದು ಅಡ್ಡ ಹಾಯಿಸಿ ಫೋಟಾನುಗಳ ಢಿಕ್ಕಿಯನ್ನು ಹುಡುಕಿದರು; ಏನೂ ಕಾಣಲಿಲ್ಲ. ಕಾಣದಿರುವುದಕ್ಕೂ ಇಲ್ಲದಿರುವುದಕ್ಕೂ ಇರುವ ವ್ಯತ್ಯಾಸವನ್ನು ಐದಾರು ವರ್ಷಗಳ ಬಳಿಕ ಆಯ್ಲರ್–ಕಾಕೆಲ್ ಲೆಕ್ಕವು ಅಂಕಿಗಳಲ್ಲಿ ಹೇಳಿತು.

ಮೊದಲು ದೊರೆತದ್ದು ಪರೋಕ್ಷ ಸಾಕ್ಷ್ಯಗಳು. 1933ರಲ್ಲಿ ಮ್ಯಾಕ್ಸ್ ಡೆಲ್‌ಬ್ರುಕ್, ಮುಂದೆ ಜೀವವಿಜ್ಞಾನಕ್ಕೆ ಹೊರಳಿ 1969ರಲ್ಲಿ ನೊಬೆಲ್ ಪಡೆದವರು, ಗಾಮಾ ಫೋಟಾನೊಂದು ಭಾರವಾದ ಪರಮಾಣು ಬೀಜದ ವಿದ್ಯುತ್ ಕ್ಷೇತ್ರದಲ್ಲಿ ಚದುರಬಹುದೆಂದು ಸೂಚಿಸಿದರು. ಕ್ಷೇತ್ರವೆಂದರೆ ಮಿಥ್ಯಾ ಫೋಟಾನುಗಳ ಸಮೂಹವೆಂದು ತಿಳಿದರೆ ಇದೂ ಬೆಳಕಿಗೆ ಬೆಳಕು ತಾಗುವ ಒಂದು ಬಗೆಯೇ. 1973ರಲ್ಲಿ ಹ್ಯಾಂಬರ್ಗಿನ ಡೇಸಿ ಪ್ರಯೋಗಾಲಯವು ಅಧಿಕ ಶಕ್ತಿಯಲ್ಲಿ ಇದನ್ನು ಸ್ಪಷ್ಟವಾಗಿ ಅಳೆಯಿತು.

ಇನ್ನೊಂದು ದಾರಿಯನ್ನು 1934ರಲ್ಲಿ ಗ್ರೆಗರಿ ಬ್ರೈಟ್ ಮತ್ತು ಜಾನ್ ವೀಲರ್ ತೆರೆದಿದ್ದರು. ಎರಡು ಫೋಟಾನುಗಳು ಚದುರುವ ಬದಲು ನಿಜವಾದ ಎಲೆಕ್ಟ್ರಾನು–ಪಾಸಿಟ್ರಾನುಗಳೇ ಆಗಿ ಪರಿಣಮಿಸಬಹುದು, ಎಂದರೆ ಬೆಳಕು ದ್ರವ್ಯವಾಗಬಹುದು. ಎದುರುಬದುರಾಗಿ ಬರುವ ಫೋಟಾನುಗಳ ಶಕ್ತಿಗಳ ಗುಣಲಬ್ಧವು ಎಲೆಕ್ಟ್ರಾನಿನ ನಿಶ್ಚಲ ಶಕ್ತಿಯ ವರ್ಗವನ್ನು ಮೀರಬೇಕೆಂಬುದೇ ಇದರ ನಿಬಂಧನೆ. 1997ರಲ್ಲಿ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ರೇಖೀಯ ವೇಗವರ್ಧಕ ಕೇಂದ್ರದ ತಂಡವೊಂದು, 46.6 ಗಿಗಾ ಎಲೆಕ್ಟ್ರಾನ್ ವೋಲ್ಟಿನ ಎಲೆಕ್ಟ್ರಾನು ಪುಂಜಕ್ಕೆ ತೀವ್ರವಾದ ಹಸಿರು ಲೇಸರನ್ನು ಎದುರಾಗಿಸಿತು. ಎಲೆಕ್ಟ್ರಾನುಗಳಿಂದ ಹಿಮ್ಮರಳಿದ ಫೋಟಾನುಗಳು 29 ಗಿಗಾ ಎಲೆಕ್ಟ್ರಾನ್ ವೋಲ್ಟಿನವರೆಗೆ ಶಕ್ತಿ ಗಳಿಸಿ, ಅದೇ ಲೇಸರಿನ ಇತರ ಫೋಟಾನುಗಳನ್ನು ಎದುರಿಸಿದವು. ಲೇಸರಿನ ಒಂದೊಂದು ಫೋಟಾನಿನ ಶಕ್ತಿ ನಿಬಂಧನೆಯನ್ನು ಪೂರೈಸಲು ಸಾಲದಿದ್ದುದರಿಂದ ಹಲವು ಫೋಟಾನುಗಳು ಒಟ್ಟಾಗಿ ಪಾಲ್ಗೊಳ್ಳಬೇಕಾಯಿತು. ಹಿನ್ನೆಲೆಯ ಗದ್ದಲವನ್ನು ಕಳೆದ ಮೇಲೆ ಉಳಿದದ್ದು ನೂರರ ಆಸುಪಾಸಿನ ಪಾಸಿಟ್ರಾನುಗಳು.

ಎರಡು ಫೋಟಾನುಗಳು ಒಳಹೋಗಿ ಎರಡು ಫೋಟಾನುಗಳೇ ಹೊರಬರುವ ಶುದ್ಧ ಚದುರಿಕೆ ಸೆರೆ ಸಿಕ್ಕದ್ದು ಜಿನೀವಾದ ಬಳಿಯ ಸರ್ನ್ ಸಂಸ್ಥೆಯಲ್ಲಿ, 27 ಕಿಲೋಮೀಟರ್ ಸುತ್ತಳತೆಯ ಲಾರ್ಜ್ ಹ್ಯಾಡ್ರಾನ್ ಕೊಲೈಡರಿನಲ್ಲಿ. ಅಲ್ಲಿ ಸೀಸದ ಬೀಜಗಳು ಬೆಳಕಿಗೆ ಸಮೀಪದ ವೇಗದಲ್ಲಿ ಎದುರುಬದುರಾಗಿ ಸುತ್ತುತ್ತವೆ. ಕೆಲವೊಮ್ಮೆ ಅವು ತಾಗದೆ, ಅತಿ ಸಮೀಪದಲ್ಲಿ ಒಂದನ್ನೊಂದು ಹಾದುಹೋಗುತ್ತವೆ. ಪ್ರತಿ ಬೀಜದ ಸುತ್ತಲಿನ ವಿದ್ಯುತ್ ಕ್ಷೇತ್ರವು ಆ ವೇಗದಲ್ಲಿ ತಟ್ಟೆಯಂತೆ ಚಪ್ಪಟೆಯಾಗಿ, ಅಧಿಕ ಶಕ್ತಿಯ ಫೋಟಾನುಗಳ ಪ್ರವಾಹದಂತೆ ವರ್ತಿಸುತ್ತದೆ. 1924ರಲ್ಲಿ ಫರ್ಮಿ ಸೂಚಿಸಿ, 1934ರಲ್ಲಿ ವೈಸೆಕರ್ ಮತ್ತು ವಿಲಿಯಮ್ಸ್ ಬೆಳೆಸಿದ ಕಲ್ಪನೆ ಇದು. ಫೋಟಾನುಗಳ ಸಂಖ್ಯೆ ಬೀಜದ ಆವೇಶದ ವರ್ಗಕ್ಕೆ ಅನುಗುಣವಾದದ್ದು. ಎರಡು ಬೀಜಗಳು ಸೇರಿದಾಗ ಅದು ನಾಲ್ಕನೆಯ ಘಾತವಾಗುತ್ತದೆ. ಸೀಸದ ಆವೇಶ 82 ಆದ್ದರಿಂದ, ಪ್ರೋಟಾನುಗಳಿಗೆ ಹೋಲಿಸಿದರೆ ಸುಮಾರು ನಾಲ್ಕೂವರೆ ಕೋಟಿ ಪಟ್ಟು ಅನುಕೂಲ ಇಲ್ಲಿ ಒದಗುತ್ತದೆ.

ಹುಡುಕಬೇಕಾದ ಗುರುತು ಸರಳವಾದದ್ದು: ಬೀಜಗಳು ಒಡೆಯದೆ ಮುಂದೆ ಸಾಗಿರಬೇಕು, ಉಪಕರಣದಲ್ಲಿ ವಿರುದ್ಧ ದಿಕ್ಕುಗಳಿಗೆ ಹಾರಿದ ಎರಡೇ ಫೋಟಾನುಗಳಿರಬೇಕು, ಬೇರೇನೂ ಇರಕೂಡದು. 2015ರಲ್ಲಿ ಸಂಗ್ರಹಿಸಿದ ದತ್ತಾಂಶದಲ್ಲಿ ಅಟ್ಲಾಸ್ ತಂಡವು ಅಂಥ 13 ಘಟನೆಗಳನ್ನು ಕಂಡಿತು. ಬೇರೆ ಕಾರಣಗಳಿಂದ ನಿರೀಕ್ಷಿಸಬಹುದಾಗಿದ್ದುದು 2.6 ಮಾತ್ರ. 2017ರಲ್ಲಿ ಪ್ರಕಟವಾದ ಈ ಫಲಿತಾಂಶದ ಬಳಿಕ, 2018ರ ದತ್ತಾಂಶದಲ್ಲಿ 59 ಘಟನೆಗಳು ದೊರೆತವು. ಹಿನ್ನೆಲೆಯ ನಿರೀಕ್ಷೆ 12ರಷ್ಟಿತ್ತು. ಭೌತವಿಜ್ಞಾನಿಗಳು ಶೋಧವೆಂದು ಒಪ್ಪಲು ಕೇಳುವ ಐದು ಸಿಗ್ಮಾ ಮಟ್ಟವನ್ನು ದಾಟಿ ಇದು 8.2 ಸಿಗ್ಮಾ ತಲುಪಿತು. ಭಾರತೀಯ ಸಂಸ್ಥೆಗಳೂ ಪಾಲುಗೊಂಡಿರುವ ಸಿಎಂಎಸ್ ಪ್ರಯೋಗವು ಸ್ವತಂತ್ರವಾಗಿ ಅದೇ ವಿದ್ಯಮಾನದ ಸಾಕ್ಷ್ಯವನ್ನು ಮುಂದಿಟ್ಟಿತು. 2021ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದ ಸ್ಟಾರ್ ತಂಡವು ಚಿನ್ನದ ಬೀಜಗಳನ್ನು ಬಳಸಿ, ಫೋಟಾನುಗಳ ಸಂಘಟ್ಟನೆಯಿಂದ ಹುಟ್ಟಿದ 6,085 ಎಲೆಕ್ಟ್ರಾನು–ಪಾಸಿಟ್ರಾನು ಜೋಡಿಗಳನ್ನು ವರದಿ ಮಾಡಿತು. ಈ ಪ್ರಯೋಗಗಳ ಫೋಟಾನುಗಳು ದೀಪದಿಂದ ಹೊರಟು ಸ್ವತಂತ್ರವಾಗಿ ಸಾಗುವ ಬೆಳಕಲ್ಲ, ಬೀಜಗಳ ಕ್ಷೇತ್ರದಿಂದ ಕ್ಷಣಕಾಲ ಒದಗುವ ಬಹುಪಾಲು ನೈಜವಾದ ಫೋಟಾನುಗಳು ಎಂಬುದನ್ನು ಮರೆಯುವಂತಿಲ್ಲ. ಎರಡು ಲೇಸರು ಕಿರಣಗಳನ್ನು ನಿರ್ವಾತದಲ್ಲಿ ಎದುರಾಗಿಸಿ ಚದುರಿದ ಬೆಳಕನ್ನು ಕಾಣುವ ಪ್ರಯತ್ನ ಇನ್ನೂ ಕೈಗೂಡಿಲ್ಲ.

ಆಕಾಶದ ಸಾಕ್ಷ್ಯ

ಪ್ರಯೋಗಶಾಲೆಯಲ್ಲಿ ವಿರಳವಾದದ್ದು ವಿಶ್ವದ ವಿಸ್ತಾರದಲ್ಲಿ ಸಾಮಾನ್ಯವಾಗುತ್ತದೆ. ದೂರದ ಗ್ಯಾಲಕ್ಸಿಯಿಂದ ಹೊರಟ 10¹² ಎಲೆಕ್ಟ್ರಾನ್ ವೋಲ್ಟಿನ ಗಾಮಾ ಫೋಟಾನಿಗೆ, ಬ್ರೈಟ್–ವೀಲರ್ ನಿಬಂಧನೆಯಂತೆ, ಸುಮಾರು 0.26 ಎಲೆಕ್ಟ್ರಾನ್ ವೋಲ್ಟಿಗೆ ಮೇಲ್ಪಟ್ಟ ಇನ್ನೊಂದು ಫೋಟಾನು ಎದುರಾದರೆ ಸಾಕು. ಅದು ಅವಕೆಂಪು ಬೆಳಕು. ವಿಶ್ವದ ಇತಿಹಾಸದುದ್ದಕ್ಕೂ ನಕ್ಷತ್ರಗಳೂ ಧೂಳೂ ಹೊಮ್ಮಿಸಿದ ಅಂಥ ಬೆಳಕು ಗ್ಯಾಲಕ್ಸಿಗಳ ನಡುವೆ ಎಲ್ಲೆಡೆ ತೆಳುವಾಗಿ ಹರಡಿದೆ. ಕೋಟ್ಯಂತರ ಜ್ಯೋತಿರ್ವರ್ಷಗಳ ಪಯಣದಲ್ಲಿ ಗಾಮಾ ಫೋಟಾನುಗಳು ಒಂದೊಂದಾಗಿ ಈ ಮಂದ ಬೆಳಕಿಗೆ ತಾಗಿ ಜೋಡಿಕಣಗಳಾಗಿ ಮರೆಯಾಗುತ್ತವೆ. ಸೋವಿಯತ್ ವಿಜ್ಞಾನಿ ನಿಕಿಷೊವ್ 1960ರ ದಶಕದ ಆರಂಭದಲ್ಲಿಯೇ ಇದನ್ನು ಊಹಿಸಿದ್ದರು. 2018ರಲ್ಲಿ ಫರ್ಮಿ ದೂರದರ್ಶಕದ ತಂಡವು 739 ಸಕ್ರಿಯ ಗ್ಯಾಲಕ್ಸಿಗಳ ಮತ್ತು ಒಂದು ಗಾಮಾ ಸ್ಫೋಟದ ಬೆಳಕಿನಲ್ಲಿ ಈ ಕೊರತೆಯನ್ನು ಅಳೆದು, ಅದರಿಂದ ನಕ್ಷತ್ರಗಳ ಹುಟ್ಟಿನ ಇತಿಹಾಸವನ್ನೇ ಅಂದಾಜಿಸಿತು. ವಿಶ್ವವು ಎಷ್ಟು ದೂರದವರೆಗೆ ಪಾರದರ್ಶಕ ಎಂಬ ಪ್ರಶ್ನೆಗೆ, ಅಧಿಕ ಶಕ್ತಿಯಲ್ಲಿ, ಬೆಳಕೇ ಗಡಿ ಹಾಕುತ್ತದೆ. ಲಡಾಖಿನ ಹಾನ್ಲೆಯಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಮತ್ತು ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಗಳು ನಿರ್ಮಿಸಿದ ಹಗಾರ್ ಹಾಗೂ 2024ರಲ್ಲಿ ಉದ್ಘಾಟನೆಗೊಂಡ ಮೇಸ್ ಗಾಮಾ ದೂರದರ್ಶಕಗಳು ನೋಡುವ ಆಕಾಶಕ್ಕೂ ಈ ಗಡಿ ಅನ್ವಯಿಸುತ್ತದೆ.

ಎರಡನೆಯ ಸಾಕ್ಷ್ಯ ನ್ಯೂಟ್ರಾನ್ ನಕ್ಷತ್ರಗಳದು. ಹೈಸೆನ್‌ಬರ್ಗ್–ಆಯ್ಲರ್ ಸಿದ್ಧಾಂತದಂತೆ ಪ್ರಬಲ ಕಾಂತಕ್ಷೇತ್ರದಲ್ಲಿ ನಿರ್ವಾತವು ದ್ವಿವಕ್ರೀಭವನ ತೋರಬೇಕು; ಎಂದರೆ ಬೆಳಕಿನ ಕಂಪನದ ದಿಕ್ಕಿಗೆ ಅನುಸಾರವಾಗಿ ಅದರ ವೇಗ ಕಿಂಚಿತ್ ಬೇರೆಯಾಗಬೇಕು. ಇಟಲಿಯ ಪಿವಿಲಾಸ್ ಪ್ರಯೋಗವು ಸುಮಾರು 25 ವರ್ಷಗಳ ಕಾಲ ಪ್ರಯೋಗಶಾಲೆಯ ಕಾಂತಗಳಲ್ಲಿ ಇದನ್ನು ಹುಡುಕಿ, ಸಿದ್ಧಾಂತ ನುಡಿದ ಮೌಲ್ಯದ ಸಮೀಪಕ್ಕೆ ಬಂದರೂ ಅದನ್ನು ಮುಟ್ಟಲಿಲ್ಲ. 2016ರಲ್ಲಿ ಚಿಲಿಯ ಬೃಹತ್ ದೂರದರ್ಶಕದಿಂದ, ಸುಮಾರು 400 ಜ್ಯೋತಿರ್ವರ್ಷ ದೂರದ ನ್ಯೂಟ್ರಾನ್ ನಕ್ಷತ್ರವೊಂದರ ಬೆಳಕು ಶೇ. 16ರಷ್ಟು ಧ್ರುವೀಕೃತವಾಗಿರುವುದು ಕಂಡುಬಂದಿತು. ಇದು ನಿರ್ವಾತದ ದ್ವಿವಕ್ರೀಭವನದ ಸೂಚನೆಯೆಂದು ಸಂಶೋಧಕರು ವಾದಿಸಿದರು. ಪೂರ್ಣ ಖಚಿತತೆ ಇನ್ನೂ ಬರಬೇಕಿದೆ. 2024ರ ಜನವರಿ 1ರಂದು ಇಸ್ರೋ ಹಾರಿಸಿದ ಎಕ್ಸ್‌ಪೋಸ್ಯಾಟ್ ಉಪಗ್ರಹದಲ್ಲಿ ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆ ಸಿದ್ಧಪಡಿಸಿದ ಪೋಲಿಕ್ಸ್ ಉಪಕರಣವು ಅಳೆಯುವುದೂ ಆಕಾಶಕಾಯಗಳ ಕ್ಷ-ಕಿರಣಗಳ ಧ್ರುವೀಕರಣವನ್ನೇ.

ದ್ರವ್ಯದ ನಡುವೆ

ನಿರ್ವಾತವನ್ನು ಬಿಟ್ಟು ದ್ರವ್ಯದೊಳಗೆ ಬಂದರೆ ಕಥೆ ಬೇರೆಯಾಗುತ್ತದೆ. ಅಲ್ಲಿ ಮಧ್ಯಸ್ಥಿಕೆಗೆ ಮಿಥ್ಯಾಕಣಗಳ ಬದಲು ನಿಜವಾದ ಪರಮಾಣುಗಳೇ ಇವೆ. 1961ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಪೀಟರ್ ಫ್ರಾಂಕೆನ್ ಮತ್ತು ಸಂಗಡಿಗರು ಮಾಣಿಕ್ಯ ಲೇಸರಿನ 694.3 ನ್ಯಾನೋಮೀಟರಿನ ಕೆಂಪು ಬೆಳಕನ್ನು ಸ್ಫಟಿಕಶಿಲೆಯೊಳಗೆ ಹಾಯಿಸಿ, ಅದರ ಅರ್ಧ ತರಂಗಾಂತರದ ನೇರಳಾತೀತ ಬೆಳಕನ್ನು ಪಡೆದರು. ಎರಡು ಫೋಟಾನುಗಳು ಕೂಡಿ ಇಮ್ಮಡಿ ಶಕ್ತಿಯ ಒಂದು ಫೋಟಾನಾಗಿತ್ತು. ಸಭಾಂಗಣಗಳಲ್ಲಿ ಉಪನ್ಯಾಸಕರು ಬಳಸುವ ಹಸಿರು ಲೇಸರು ಕಡ್ಡಿಗಳಲ್ಲಿ ಹಲವು ಕೆಲಸ ಮಾಡುವುದು ಇದೇ ತತ್ತ್ವದಿಂದ. 1,064 ನ್ಯಾನೋಮೀಟರಿನ ಕಾಣದ ಬೆಳಕು ಹರಳಿನಲ್ಲಿ 532 ನ್ಯಾನೋಮೀಟರಿನ ಹಸಿರಾಗುತ್ತದೆ. 2013ರಲ್ಲಿ ಹಾರ್ವರ್ಡ್ ಮತ್ತು ಎಂಐಟಿ ಸಂಶೋಧಕರು ಅತಿಶೀತಲ ರುಬಿಡಿಯಂ ಪರಮಾಣುಗಳ ಮೋಡದಲ್ಲಿ ಎರಡು ಫೋಟಾನುಗಳು ಪರಸ್ಪರ ಸೆಳೆಯಲ್ಪಟ್ಟು ಜೊತೆಗೂಡಿ ಸಾಗುವಂತೆ ಮಾಡಿದರು. 2018ರಲ್ಲಿ ಮೂರು ಫೋಟಾನುಗಳ ಕೂಟವೂ ಸಾಧ್ಯವಾಯಿತು. ಇಲ್ಲಿ ಸೆಳೆತವನ್ನು ಒದಗಿಸಿದ್ದು ಪರಮಾಣುಗಳು. ಮೋಡದಿಂದ ಹೊರಬಿದ್ದ ಫೋಟಾನುಗಳ ನಡುವೆ ಆ ಸೆಳೆತ ಉಳಿಯುವುದಿಲ್ಲ.

ಪದಗಳು ಹೇಳುವುದು, ಮರೆಸುವುದು

ಈ ಹಿನ್ನೆಲೆಯಲ್ಲಿ ಆರಂಭದ ಮೂರು ಪದಗಳನ್ನು ಪರಿಶೀಲಿಸಬಹುದು. ಕನ್ನಡ, ತೆಲುಗು, ಮರಾಠಿಗಳ ಪಠ್ಯಪುಸ್ತಕಗಳು ಸಮಾನವಾಗಿ ಬಳಸುವ ‘ವ್ಯತಿಕರಣ’ ಎಂಬ ಪದದ ಹಿಂದೆ ಸಂಸ್ಕೃತದ ‘ವ್ಯತಿಕರ’ವಿದೆ, ಅದಕ್ಕೆ ಬೆರಕೆ, ಅನ್ಯೋನ್ಯ ಸಂಬಂಧ, ಪರಸ್ಪರ ಕ್ರಿಯೆ ಎಂಬ ಅರ್ಥಗಳಿವೆ. ಬೆರಕೆ ಎಂಬ ಅರ್ಥವು ವಿದ್ಯಮಾನಕ್ಕೆ ಒಪ್ಪುತ್ತದೆ. ಪರಸ್ಪರ ಕ್ರಿಯೆ ಎಂಬುದು ಒಪ್ಪುವುದಿಲ್ಲ. ತಮಿಳಿನ ‘ಕುರುಕ್ಕೀಟ್ಟು ವಿಳೈವು’ ಅಡ್ಡ ಬರುವುದನ್ನು ಸೂಚಿಸುತ್ತದೆ. ಅಡ್ಡ ಬರುವುದೂ ಇಲ್ಲಿ ನಡೆಯುವುದಿಲ್ಲ. ಪದದ ವ್ಯುತ್ಪತ್ತಿಯನ್ನು ನಂಬಿದ ವಿದ್ಯಾರ್ಥಿ ಯಂಗ್ ಕಂಡ ಪಟ್ಟೆಗಳಲ್ಲಿ ಫೋಟಾನುಗಳ ಜಗಳವನ್ನು ಕಂಡರೆ ಆಶ್ಚರ್ಯವಿಲ್ಲ. ರೂಢಿಯಾದ ಪದವನ್ನು ಬದಲಿಸುವ ಅಗತ್ಯವಿಲ್ಲ. ಆದರೆ ‘ವ್ಯತಿಕರಣ’ವನ್ನು ಅಲೆಗಳ ಕೂಡಿಕೆಗೂ ‘ಪರಸ್ಪರ ಕ್ರಿಯೆ’ಯನ್ನು ಶಕ್ತಿ ಇಲ್ಲವೆ ದಿಕ್ಕಿನ ವಿನಿಮಯವಿರುವ ಘಟನೆಗೂ ಮೀಸಲಿಟ್ಟು, ಎರಡನ್ನೂ ಒಂದೇ ಪಾಠದಲ್ಲಿ ಎದುರುಬದುರಾಗಿ ನಿಲ್ಲಿಸಿ ವಿವರಿಸುವುದು ಅಗತ್ಯ.

‘ನಿರ್ವಾತ’ದ ಪಾಡು ಇದಕ್ಕೆ ವಿರುದ್ಧವಾದದ್ದು. ತೆಲುಗಿನ ಪುಸ್ತಕಗಳಲ್ಲಿ ಬೆಳಕು ‘ಶೂನ್ಯ’ದಲ್ಲಿ ಸಾಗುತ್ತದೆ, ಮಲಯಾಳದಲ್ಲಿ ‘ಶೂನ್ಯತೆ’ಯಲ್ಲಿ, ತಮಿಳಿನಲ್ಲಿ ‘ವೆಟ್ರಿಡಂ’ ಎಂಬ ಬರಿದಾದ ಎಡೆಯಲ್ಲಿ. ಕನ್ನಡ ಮತ್ತು ಮರಾಠಿಗಳಲ್ಲಿ ಅದು ಸಾಗುವುದು ‘ನಿರ್ವಾತ’ದಲ್ಲಿ. ಪದವನ್ನು ಬಿಡಿಸಿದರೆ ಅದು ಹೇಳುವುದು ‘ಗಾಳಿ ಇಲ್ಲದ್ದು’ ಎಂದಷ್ಟೇ. ಏನೂ ಇಲ್ಲವೆಂದು ಅದು ಎಲ್ಲಿಯೂ ಹೇಳುವುದಿಲ್ಲ. ಈ ಪದ ರೂಪುಗೊಂಡಾಗ ಹೈಸೆನ್‌ಬರ್ಗರ ಸಿದ್ಧಾಂತ ಯಾರ ಮನಸ್ಸಿನಲ್ಲಿಯೂ ಇದ್ದಿರಲಾರದು. ಆದರೂ ಗಾಳಿಯನ್ನು ತೆಗೆದ ಮೇಲೂ ಕ್ಷೇತ್ರಗಳೂ ಅವುಗಳ ಸುಳಿದಾಟವೂ ಉಳಿಯುತ್ತವೆ ಎಂಬ ಇಂದಿನ ತಿಳಿವಳಿಕೆಗೆ ಅದರ ಮಿತವಾದ ಅರ್ಥವು ತಕ್ಕುದಾಗಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಶಿಕ್ಷಕರು ಮಲಯಾಳದ ಆಕರದಿಂದ, ಮಡಕಶಿರದವರು ತೆಲುಗಿನಿಂದ, ತಾಳವಾಡಿಯವರು ತಮಿಳಿನಿಂದ ಪಾಠ ಸಿದ್ಧಪಡಿಸುವಾಗ ‘ಶೂನ್ಯ’ವನ್ನೋ ‘ಬರಿದು’ ಎಂಬುದನ್ನೋ ಹಾಗೆಯೇ ಎತ್ತಿಕೊಂಡರೆ ಕನ್ನಡದಲ್ಲಿ ಆಗಲೇ ಇರುವ ಈ ನಿಖರತೆ ಕೈಬಿಡುತ್ತದೆ. ಸೋಲಾಪುರ, ಅಕ್ಕಲಕೋಟೆ, ಜತ್ತದ ಕಡೆಯ ಶಿಕ್ಷಕರಿಗೆ ಈ ತೊಡಕಿಲ್ಲ; ಅವರ ಎರಡೂ ಭಾಷೆಗಳು ಇಲ್ಲಿ ಒಂದೇ ಮಾತನ್ನಾಡುತ್ತವೆ.

ಪರಿಭಾಷೆಯ ನಿರ್ಮಾಣವೆಂದರೆ ಹೊಸ ಪದಗಳನ್ನು ಟಂಕಿಸುವುದು ಎಂಬ ಭಾವನೆ ಸಾಮಾನ್ಯವಾಗಿದೆ. ಬೆಳಕಿನ ಕಣಗಳ ಈ ಪ್ರಕರಣದಲ್ಲಿ ಬೇಕಾದ ಪದಗಳೆಲ್ಲ ಬಳಕೆಯಲ್ಲಿಯೇ ಇವೆ. ಯಾವುದು ದಾರಿ ತಪ್ಪಿಸುತ್ತದೆ, ಯಾವುದು ದಾರಿ ತೋರುತ್ತದೆ ಎಂಬ ವಿವೇಚನೆಗೆ ಭೌತವಿಜ್ಞಾನದ ಅರಿವೂ ನೆರೆಭಾಷೆಗಳ ಅರಿವೂ ಒಟ್ಟಿಗೆ ಬೇಕಾಗುತ್ತವೆ. ಎರಡು ಭಾಷೆಗಳಲ್ಲಿ ಬಾಳುವ ಗಡಿನಾಡಿನ ಅಧ್ಯಾಪಕರಿಗೆ ಎರಡನೆಯ ಅರಿವು ಹುಟ್ಟಿನಿಂದಲೇ ಬಂದಿದೆ. ಮೊದಲನೆಯದು ಅದಕ್ಕೆ ಕೂಡಿದರೆ, ಬೆಳಕಿಗೆ ಬೆಳಕು ಅಡ್ಡ ಬರುವುದೇ ಎಂದು ಕೇಳುವ ಮಗುವಿಗೆ, ಕಣ್ಣಿಗೆ ಕಾಣುವಂತೆ ಬರುವುದಿಲ್ಲ, ಆದರೆ ನಿರ್ವಾತದ ಆಳದಲ್ಲಿ, ಬಹು ಅಪರೂಪವಾಗಿ, ಬರುತ್ತದೆ ಎಂಬ ಸರಿಯಾದ ಉತ್ತರವನ್ನು ಕನ್ನಡದಲ್ಲಿಯೇ ಕೊಡಬಹುದು.